ಮಗ್ಗದ ಕೋಣೆಯ ಅಣಬೆ

ಕಳೆದ ತಿಂಗಳು ಹರೂರಿನಲ್ಲಿ ನನ್ನ ಹೆಂಡತಿ ಮಂಗಳಳ ಅಕ್ಕನ ಮೊಮ್ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರವಿತ್ತು. ಇಬ್ಬರೂ ಹೋಗಿ, ಊಟ ಮುಗಿಸಿ, ಸೇಲಂ ಬಸ್ಸು ಹಿಡಿದೆವು. ಊರು ದಾಟಿದ ಮೇಲೆ ಮುಂದೆ ಯಾವುದೋ ಲಾರಿ ಅಡ್ಡ ನಿಂತು, ಬಸ್ಸು ಹತ್ತು ನಿಮಿಷ ಅಲ್ಲೇ ನಿಂತಿತು. ಆಗ ಬಂತು ಆ ವಾಸನೆ. ಭತ್ತದ ಹುಲ್ಲನ್ನು ಡ್ರಮ್ಮಿನಲ್ಲಿ ಹಾಕಿ ಬೇಯಿಸಿದರೆ ಬರುವ ವಾಸನೆ ಅದು. ಗಂಜಿಯದ್ದೂ ಅಲ್ಲ, ಕೊಟ್ಟಿಗೆಯದ್ದೂ ಅಲ್ಲ, ಎರಡರ ನಡುವಿನದು. ಕಿಟಕಿ ಪಕ್ಕ ಕೂತಿದ್ದ ಮಂಗಳ ಹೊರಗೆ ನೋಡುತ್ತಲೇ, "ಯಾರೋ ಕಾಳಾನ್‌ಗೆ ವೈಕೋಲ್ ಬೇಯಿಸ್ತಾವ್ರೆ" ಅಂದಳು. ಕಾಳಾನ್ ಅಂದರೆ ಅಣಬೆ, ವೈಕೋಲ್ ಅಂದರೆ ಹುಲ್ಲು. ನಮ್ಮ ಕನ್ನಡದಲ್ಲಿ ಅರ್ಧ ತಮಿಳೇ. ನನಗೆ ಹೇಳಿದ್ದಲ್ಲ, ತನ್ನಷ್ಟಕ್ಕೆ ಅಂದುಕೊಂಡದ್ದು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಟಿಕೆಟ್ಟು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಐವತ್ತೆರಡು ವರ್ಷದ ಗಂಡಸಿಗೆ ಬೆಂದ ಹುಲ್ಲಿನ ವಾಸನೆಗೆ ಕಿವಿ ಬಿಸಿಯಾಗುತ್ತದೆ ಅಂದರೆ ಯಾರು ನಂಬುತ್ತಾರೆ? ಯಾಕೆ ಅಂತ ಹೇಳುತ್ತೇನೆ.

ನಾವು ಎಡಪ್ಪಾಡಿ ಕಡೆಯ ನೇಕಾರರು. ಹೊರಗೆ ತಮಿಳು, ಒಳಗೆ ಕನ್ನಡ. ನಮ್ಮ ಮನೆಯಲ್ಲಿ ಗುಂಡಿಮಗ್ಗವಿತ್ತು; ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಸಿ ಕೂತು ನೇಯುವುದು. ಅಪ್ಪ ನೇಯ್ದರು, ಅವರ ನಂತರ ನಾನು. ಕೊರೊನಾ ವರ್ಷದಲ್ಲಿ ಮಗ್ಗ ನಿಂತದ್ದು ಮತ್ತೆ ಏಳಲೇ ಇಲ್ಲ. ನಾನು ಒಂದು ಟವೆಲ್ ಗೋದಾಮಿನಲ್ಲಿ ಮಡಿಕೆ ನೋಡುವ ಕೆಲಸಕ್ಕೆ ಸೇರಿದೆ. ಹೊಕ್ಕಿನಲ್ಲಿ ಒಂದೆಳೆ ತಪ್ಪಿದರೂ ಕಣ್ಣುಮುಚ್ಚಿ ಬೆರಳಲ್ಲೇ ಹೇಳುತ್ತಿದ್ದ ನಾನು, ಮಷಿನ್ನು ನೇಯ್ದ ಟವೆಲನ್ನು ನಾಲ್ಕು ಮಡಿಕೆ ಮಾಡುತ್ತಾ ಕೂರುತ್ತಿದ್ದೆ. ಮನೆಯಲ್ಲಿ ಮಗ್ಗದ ಕೋಣೆ ಬಾಗಿಲು ಹಾಕಿಕೊಂಡು ಬಿದ್ದಿತ್ತು.

ಅದಾಗಿ ಎರಡು ವರ್ಷಕ್ಕೆ ಬೀದಿಯ ಹೆಂಗಸರ ಸಂಘ ಮಂಗಳಳನ್ನು ಸೇಲಂಗೆ ಅಣಬೆ ಬೆಳೆಯುವ ತರಬೇತಿಗೆ ಕಳಿಸಿತು. ಸಂಘವನ್ನು ಇಲ್ಲಿ ಕುಳು ಅನ್ನುತ್ತಾರೆ. ಹನ್ನೆರಡು ಹೆಂಗಸರು, ಎಲ್ಲರೂ ನಮ್ಮ ಬೀದಿಯವರೇ, ರಾಜೇಶ್ವರಿ ಅಕ್ಕ ಅವರಿಗೆ ಮುಖ್ಯಸ್ಥೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮಂಗಳ ಮೂರು ದಿನ ಟೌನ್ ಬಸ್ಸು ಹತ್ತಿ ಹೋಗಿ ಬಂದಳು. ಬರುವಾಗ ಒಂದು ನೋಟ್‌ಬುಕ್ಕಿನ ತುಂಬ ತಮಿಳಿನಲ್ಲಿ ಬರೆದುಕೊಂಡು ಬಂದಿದ್ದಳು, ಜೊತೆಗೆ ಒಂದು ಹಲಗೆ. ಹಲಗೆಯ ಮೇಲೆ ಜ್ವರ ನೋಡುವಂಥ ಎರಡು ಗಾಜಿನ ಕೊಳವೆ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿತ್ತು. ಒಣಗಿದ್ದು ಎಷ್ಟು ತೋರಿಸುತ್ತದೆ, ಒದ್ದೆಯದ್ದು ಎಷ್ಟು ತೋರಿಸುತ್ತದೆ ಅಂತ ನೋಡಿ, ಪಕ್ಕದ ಪಟ್ಟಿಯಲ್ಲಿ ಹುಡುಕಿದರೆ ಕೋಣೆಯ ಗಾಳಿಯಲ್ಲಿ ತೇವ ನೂರಕ್ಕೆ ಎಷ್ಟಿದೆ ಅಂತ ಗೊತ್ತಾಗುತ್ತದಂತೆ. ಒಂದು ಜ್ವರಕ್ಕೆ, ಇನ್ನೊಂದು ನೆಗಡಿಗಾ ಅಂತ ನಾನು ತಮಾಷೆ ಮಾಡಿದೆ. ಅವಳು ನಕ್ಕಳು. ಆಗಿನ್ನೂ ನನ್ನ ತಮಾಷೆಗೆ ನಗುತ್ತಿದ್ದಳು.

ಮಗ್ಗ ಬಿಚ್ಚಿ ಮರಗಳನ್ನು ಅಟ್ಟಕ್ಕೆ ಏರಿಸಿದೆವು. ಗುಂಡಿ ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಬೇಡ ಬಿಡಿ, ಅದರಲ್ಲೂ ನೆಲದ ಮೇಲೂ ಮರಳು ಹಾಕಿ ನೀರು ಹೊಯ್ದರೆ ಕೋಣೆ ತಂಪಾಗಿರುತ್ತದೆ ಅಂತ ಅವಳೇ ಹೇಳಿದಳು. ಹೆಂಚಿನ ಕೆಳಗೆ ತೆಂಗಿನ ಗರಿ ಕಟ್ಟಿದೆವು. ಮೊದಲ ಸಲ ಹತ್ತೇ ಚೀಲ. ಹುಲ್ಲು ಕತ್ತರಿಸಿ, ನೆನೆಸಿ, ಬೇಯಿಸಿ, ಹಿಂಡಿದರೆ ಅಂಗೈ ಒದ್ದೆಯಾಗಬೇಕು ಆದರೆ ಹನಿ ಬೀಳಬಾರದು ಅನ್ನುವಷ್ಟು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಹಿಡಿ ಅಣಬೆ ಬೀಜ ಹೀಗೆ ತುಂಬಿ ತೂಗುಹಾಕಿದಳು. ಹಗ್ಗದ ಗಂಟು ಮಾತ್ರ ನನ್ನದು. ಎರಡು ವಾರದಲ್ಲಿ ಚೀಲದೊಳಗೆಲ್ಲಾ ಬಿಳಿ ಎಳೆ ಹಬ್ಬಿತು. ನೂಲು ನೋಡಿ ಬೆಳೆದವನು ನಾನು, ದಿನಾ ಗೋದಾಮಿನಿಂದ ಬಂದವನೇ ಕೈಕಾಲು ತೊಳೆಯದೆ ಹೋಗಿ ಅದನ್ನು ನೋಡುತ್ತಿದ್ದೆ. ಆಮೇಲೆ ಚೀಲ ಸೀಳಿದಳು. ಅಂಗೈಯಗಲದ ಅಣಬೆ ಗೊಂಚಲು ಗೊಂಚಲಾಗಿ ಬಂತು. ಬೀದಿಯ ಅಷ್ಟೂ ಮನೆಯಲ್ಲಿ ಅವತ್ತು ಕಾಳಾನ್ ಸಾರು.

ರಾಜೇಶ್ವರಿ ಅಕ್ಕ ತಿಂದು ನೋಡಿ, ಇನ್ನು ದೊಡ್ಡದಾಗಿಯೇ ಮಾಡೋಣ ಅಂದರು. ಹಳೆಯ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲಿನ ಗೋದಾಮು ಖಾಲಿ ಇತ್ತು. ಕುಳು ಅದನ್ನು ಹಿಡಿಯುವುದು, ಮಂಗಳ ಅದನ್ನು ನಡೆಸುವುದು, ಉಳಿದ ಹೆಂಗಸರಿಗೆ ಅವಳೇ ಕೆಲಸ ಕಲಿಸುವುದು ಅಂತ ಮಾತಾಯಿತು. ಅದಕ್ಕೆ ಮುಂಚೆ ಮನೆಯಲ್ಲೇ ನಲವತ್ತು ಚೀಲ ಹಾಕಿ ತೋರಿಸಬೇಕು. ಅದು ಸರಿ ಬಂದರೆ ಗೋದಾಮು ಅವಳ ಕೈಗೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಯಜಮಾನಿ ಮಾಡಿರಲಿಲ್ಲ, ನಾನೂ ಸೇರಿ. ಆ ವಾರ ಅವಳು ಅಡುಗೆ ಮಾಡುತ್ತಾ ಮಾಡುತ್ತಾ ಸುಮ್ಮಸುಮ್ಮನೆ ಪಾಠ ಹೇಳಿಕೊಳ್ಳುತ್ತಿದ್ದಳು, ಎದುರಿಗೆ ಹನ್ನೊಂದು ಜನ ಕೂತಿದ್ದಾರೇನೋ ಅನ್ನುವ ಹಾಗೆ.

ನಲವತ್ತು ಚೀಲ ಹಾಕುವ ಹೊತ್ತಿಗೆ ಆಡಿ ತಿಂಗಳು ಬಂತು. ನಿಮ್ಮ ಕಡೆ ಆಷಾಢ ಅಂದರೆ ಮಳೆ; ನಮಗೆ ಆಡಿ ಅಂದರೆ ಬರೀ ಗಾಳಿ. ಹಗಲೆಲ್ಲ ಪಡುವಣದಿಂದ ಒಣಗಾಳಿ ಬೀಸಿ ತುಟಿ ಸೀಳುತ್ತದೆ. ನೇಕಾರನಿಗೆ ಆಡಿ ಗಾಳಿ ಅಂದರೆ ಶತ್ರು. ಹಾಸಿನ ನೂಲು ಒಣಗಿ ಪಟಪಟ ಕಿತ್ತುಹೋಗುತ್ತದೆ. ಅದಕ್ಕೆ ಆಡಿ ಹುಟ್ಟಿದರೆ ಸಾಕು, ಮಗ್ಗದ ಕೋಣೆಯ ಎರಡೂ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ನೆಲಕ್ಕೆ ನೀರು ಚಿಮುಕಿಸಿ, ಒಳಗೆ ಬೆವರು ಸುರಿಸುತ್ತಾ ನೇಯುವುದು ನಮ್ಮ ಪದ್ಧತಿ. ನಮ್ಮ ಮೈ ಬೆಂದರೂ ಪರವಾಗಿಲ್ಲ, ನೂಲು ತಂಪಾಗಿರಬೇಕು. ಕೈಯಲ್ಲಿ ಒಂದೆಳೆ ಹಿಡಿದು ಉಜ್ಜಿದರೆ ಕೋಣೆಯಲ್ಲಿ ತೇವ ಸಾಕೋ ಸಾಲದೋ ಅಂತ ನಾನು ಹೇಳುತ್ತಿದ್ದೆ. ಗಾಜಿನ ಕೊಳವೆ ನಮಗೆ ಯಾವತ್ತೂ ಬೇಕಾಗಿರಲಿಲ್ಲ.

ಅದೇ ತಿಂಗಳು ಟವೆಲ್ ಗೋದಾಮಿನಲ್ಲಿ ಆರ್ಡರ್ ಇಲ್ಲದೆ ನನಗೆ ರಜೆ ಕೊಟ್ಟರು. ಮನೆಯಲ್ಲಿ ಕೂತವನು ಸುಮ್ಮನೆ ಕೂರುತ್ತಾನೆಯೇ? ಕೋಣೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಕಿಟಕಿ ಮುಚ್ಚಿದೆ. ಅದರ ಮೇಲೆ ಒದ್ದೆ ಗೋಣಿ ತೂಗಿಬಿಟ್ಟೆ. ದಿನಕ್ಕೆ ಮೂರು ಸಲ ಮರಳಿಗೂ ಚೀಲಕ್ಕೂ ಒಂದೇ ಸಮ ನೀರು ಹೊಡೆದೆ. ಕೊಳವೆಯ ಹಲಗೆ ತೊಂಬತ್ತೈದು ತೋರಿಸಿತು. ಪರೀಕ್ಷೆಯಲ್ಲಿ ಮಾರ್ಕು ಬಂದಷ್ಟು ಖುಷಿ ನನಗೆ.

ಮಂಗಳ ಬಂದು ನೋಡಿ ಕಿಟಕಿ ತೆಗೆದಳು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಗಾಳಿ ಆಡಲೇಬೇಕು, ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು ಅಂತ ತರಬೇತಿಯಲ್ಲಿ ಹೇಳಿದ್ದಾರೆ ಅಂದಳು. ಆಡಿ ಗಾಳಿಗೆ ಕಿಟಕಿ ತೆಗೆದರೆ ಎಲ್ಲ ಒಣಗಿ ಹೋಗುತ್ತದೆ ಅಂತ ನಾನು ಮುಚ್ಚಿದೆ. ಹೀಗೆ ಎರಡು ಮೂರು ದಿನ ಅವಳು ತೆಗೆಯುವುದು, ನಾನು ಮುಚ್ಚುವುದು ನಡೆಯಿತು. ಕೊನೆಗೆ ಅವಳು ಅಂದಳು, "ಕಾಳಾನ್ ನೂಲಲ್ಲ. ಅದ್ಕೆ ಉಸ್ರೈತೆ. ಜನ್ನಲ್ ಮುಚ್ಬ್ಯಾಡಿ."

ನಾನು ಆಗ ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. "ಮೂರ್ ದಿನ ಕಲ್ತ್ಬಂದೋಳು ಮೂವತ್ ವರ್ಷ ಈ ಕ್ವಾಣೇಲಿ ಕೂತೋನ್ಗೆ ಯೋಳ್ಬ್ಯಾಡ" ಅಂದೆ. ಮಗ್ಗ ಹೋದ ಮೇಲೆ ನನ್ನ ಹತ್ತಿರ ಉಳಿದಿದ್ದ ವಿದ್ಯೆ ಅದೊಂದೇ, ಆ ಕೋಣೆಯ ತಂಪು ಕಾಯುವುದು. ಅದೂ ತಪ್ಪು ಅಂತ ಒಪ್ಪಿಕೊಂಡರೆ ನಾನು ಯಾರು ಅನ್ನುವ ಭಯ ನನಗಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಭಯ ಇದ್ದದ್ದು ನಿಜ, ಅಷ್ಟೇ.

ಚೀಲಗಳಲ್ಲಿ ಮೊಗ್ಗು ಕಾಣಿಸಿಕೊಂಡ ದಿನವೇ ಮಂಗಳ ಹೊರಗಾದಳು. ನೇಕಾರರ ಮನೆಯಲ್ಲಿ ಆ ದಿನಗಳಲ್ಲಿ ಹೆಂಗಸರು ಮಗ್ಗದ ಕೋಣೆಗೆ ಕಾಲಿಡುವುದಿಲ್ಲ. ಮಗ್ಗ ಅಂದರೆ ಅಮ್ಮ, ನಮ್ಮ ದೇವಿ; ಅಮ್ಮನ ಜಾಗಕ್ಕೆ ತೀಟ್ಟು ತಾಗಬಾರದು, ಅಂದರೆ ಮೈಲಿಗೆ ಆಗಬಾರದು. ಮಗ್ಗವೇ ಅಟ್ಟದಲ್ಲಿದ್ದರೂ ಗೋಡೆಯ ಮೇಲೆ ಅಮ್ಮನ ಪಟ ಇತ್ತು, ಪದ್ಧತಿಯೂ ಹಾಗೇ ಇತ್ತು. ಅವಳು ಹಿತ್ತಲ ಜಗುಲಿಯಲ್ಲಿ ಕೂತು, ಕಿಟಕಿ ತೆಗೆಯಿರಿ, ಮೊಗ್ಗಿನ ಮೇಲೆ ನೀರು ಹೊಡೆಯಬೇಡಿ ಅಂತ ದಿನಕ್ಕೆ ಹತ್ತು ಸಲ ಕೂಗಿ ಹೇಳಿದಳು. ನಾನು ಹೂಂ ಅಂದೆ. ಒಂದೂ ಮಾಡಲಿಲ್ಲ.

ಎರಡನೇ ದಿನ ಎಡಪ್ಪಾಡಿಗೆ ಹೋಗಿ ಬಂದು ನೋಡುತ್ತೇನೆ, ಕೋಣೆಯ ಒದ್ದೆ ಮರಳಿನ ಮೇಲೆ ಅವಳ ಕಾಲಿನ ಗುರುತು. ಬಾಗಿಲಿಂದ ನೇರವಾಗಿ ಮೂಡಲ ಕಿಟಕಿಗೆ ಹೋಗಿತ್ತು. ಗೋಣಿ ತೆಗೆದು ಪಕ್ಕಕ್ಕಿಟ್ಟು ಕಿಟಕಿ ಅಗಲವಾಗಿ ತೆಗೆದಿದ್ದಳು. ಅದರ ಪಕ್ಕದ ಮೂರು ಚೀಲಗಳನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ, ಸರಳಿಗೇ ಕಟ್ಟಿದ್ದಳು. ಅಷ್ಟರಲ್ಲಿ ನನ್ನ ಹೆಜ್ಜೆ ಕೇಳಿಸಿರಬೇಕು, ಉಳಿದದ್ದು ಹಾಗೇ ಬಿಟ್ಟು ಹೋಗಿದ್ದಳು. ನಾನು ಜಗುಲಿಗೆ ಹೋಗಿ ಬೈಯಲಿಲ್ಲ. ಕಿಟಕಿ ಎಳೆದೆ, ಸರಳಿಗೆ ಕಟ್ಟಿದ ಹಗ್ಗ ಅಡ್ಡ ಬಂದು ಪೂರ್ತಿ ಮುಚ್ಚಲಾಗಲಿಲ್ಲ. ಹಗ್ಗ ಬಿಚ್ಚಲು ಸೋಮಾರಿತನವಾಗಿ ಒಂದು ಗೇಣು ಸಂದಿ ಹಾಗೇ ಬಿಟ್ಟೆ.

ನಾಲ್ಕು ದಿನ ಕಳೆದು ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಕೋಣೆ ಇಡ್ಲಿ ಪಾತ್ರೆಯ ಹಾಗೆ ಹಬೆಯಾಡುತ್ತಿತ್ತು. ಹಿಂದಿನ ದಿನ ಚುಕ್ಕೆಯಾಗಿ ಕಂಡು ನಾನು ಲೆಕ್ಕಕ್ಕಿಡದಿದ್ದ ಹಸಿರು ಬೂಸು ಚೀಲದ ಬಿಳಿ ಎಳೆಯ ಮೇಲೆಲ್ಲಾ ಹಬ್ಬಿತ್ತು. ಬಂದ ಅಣಬೆಯೂ ಉದ್ದುದ್ದ ಕಾಂಡ, ಮೇಲೆ ಗುಂಡುಸೂಜಿಯ ತಲೆಯಷ್ಟು ಕೊಡೆ, ಮುಟ್ಟಿದರೆ ಲೋಳೆ. ಸಣ್ಣ ನೊಣಗಳು ಮೂಗಿಗೆ ಬಂದವು. ಮೂವತ್ತೇಳು ಚೀಲ ಹೋಗಿದ್ದವು. ಸಂದಿಯ ಹತ್ತಿರ ಇದ್ದ ಆ ಮೂರು ಚೀಲಗಳಲ್ಲಿ ಮಾತ್ರ ಅಂಗೈಯಗಲದ, ಮಲ್ಲಿಗೆ ಬಿಳುಪಿನ ಅಣಬೆ ನಿಂತಿದ್ದವು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಗಾಳಿ ಸಿಕ್ಕಿದ್ದು ಬದುಕಿದೆ, ನಾನು ಕಾಪಾಡಿದ್ದು ಸತ್ತಿದೆ. ಅವಳು ಮುಟ್ಟಿದ ಮೂರೇ ಮೂರು ಉಳಿದಿವೆ. ಇಷ್ಟೂ ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೋದಾಮಿನ ಮಾತು ಮುಗಿಸಲು ಕುಳುವಿನ ಹೆಂಗಸರು ಹತ್ತು ಗಂಟೆಗೆ ಬರುವವರಿದ್ದರು. ಮಂಗಳ ತಲೆಗೆ ಸ್ನಾನ ಮಾಡಿ ನೀರು ತರಲು ಹೋಗಿದ್ದಳು. ನಾನು ಕುಡುಗೋಲು ತಂದು, ಆ ಮೂರು ಚೀಲದ ಅಣಬೆಯನ್ನು ಕೊಯ್ದು, ಗೋಣಿಯಲ್ಲಿ ಸುತ್ತಿ, ಹಿತ್ತಲ ಬೇಲಿಯ ಮಗ್ಗುಲಲ್ಲಿ ಇಟ್ಟು ಬಂದೆ. ಖಾಲಿ ಚೀಲಗಳನ್ನು ಕೆಟ್ಟ ಚೀಲಗಳ ನಡುವೆ ತೂಗುಹಾಕಿದೆ. ಕಿಟಕಿ ಸರಿಯಾಗಿ ಮುಚ್ಚಿದೆ.

ಹೆಂಗಸರು ಬಂದರು. ಏಳೆಂಟು ಜನ ಬಾಗಿಲಲ್ಲಿ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿದರು. ಮಂಗಳ ಬಿಂದಿಗೆ ಇಳಿಸಿ ಅವರ ಹಿಂದೆಯೇ ಬಂದು ನಿಂತಳು. ಇದು ಹೇಗಾಯಿತು ಅಂತ ರಾಜೇಶ್ವರಿ ಅಕ್ಕ ನನ್ನನ್ನು ಕೇಳಿದರು. ಗಂಡಸು ಎದುರಿಗಿರುವಾಗ ಹೆಂಗಸನ್ನು ಕೇಳುವ ರೂಢಿ ಇಲ್ಲವಲ್ಲ. ನನಗೆ ತಿಳಿಯದು ಅಂದಿದ್ದರೂ ನಡೆಯುತ್ತಿತ್ತು. ಬಿಸಿಲು ಜಾಸ್ತಿಯಾಯಿತು ಅಂದಿದ್ದರೂ ನಡೆಯುತ್ತಿತ್ತು. ನಾನು ಹೇಳಿದೆ, "ಅವ್ಳು ದೂರ ಇದ್ದಾಗ ಒಳಿಕ್ ಓಗವ್ಳೆ, ಅಕ್ಕ. ಮಳ್ಳ್ ಮ್ಯಾಲೆ ಕಾಲ್ ಗುರ್ತು ನಾನೇ ನೋಡ್ದೆ."

ಕಾಲಿನ ಗುರುತು ಇದ್ದದ್ದು ನಿಜ. ಅದೇ ಅದರ ಕೆಟ್ಟತನ. ಒಂದು ಅಕ್ಷರವೂ ಸುಳ್ಳಲ್ಲದ ಅಷ್ಟು ದೊಡ್ಡ ಸುಳ್ಳನ್ನು ನಾನು ಇನ್ನೊಂದು ಸಲ ಹೇಳಿಲ್ಲ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಶಾಂತಿ, ತರಬೇತಿಯಲ್ಲಿ ಹಾಗೇನೂ ಹೇಳುವುದಿಲ್ಲವಂತಲ್ಲ ಅಂತ ಮೆಲ್ಲಗೆ ಅಂದಳು. ಅದಕ್ಕೆ ರಾಜೇಶ್ವರಿ ಅಕ್ಕ, "ಸೈನ್ಸು ಸೈನ್ಸ್‌ಗೆ. ಅಮ್ಮನ್ ಜಾಗ ಅಮ್ಮನ್ ಜಾಗ" ಅಂದರು. ಕೋಪದಿಂದಲ್ಲ, ಬೇಸರದಿಂದ ಅಂದರು. ಮಂಗಳ ಬಾಯಿ ತೆಗೆದರೆ ಏನು ಹೇಳಬೇಕು ಅಂತ ನಾನು ಒಳಗೇ ತಯಾರಾಗುತ್ತಿದ್ದೆ. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಮೂಡಲ ಕಿಟಕಿಯನ್ನು. ಹೋಗಿದ್ದು ಹೌದಾ ಅಂತ ಅಕ್ಕ ಕೇಳಿದರು. ಹೌದು ಅಂತ ತಲೆಯಾಡಿಸಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆ. ನಾನು ನೆಲವನ್ನೂ ಬಿಟ್ಟು, ನೆಲ ಸರಿಮಾಡಲು ಬಂದವಳನ್ನೇ ಡೊಂಕು ಅಂದೆ.

ಆ ಸಂಜೆ ಊಟಕ್ಕೆ ಕೂತೆ. ಅನ್ನ ಬಡಿಸಿದಳು, ಸಾರು ಬಡಿಸಿದಳು. ಸಾರಿನಲ್ಲಿ ಅಂಗೈಯಗಲದ ಅಣಬೆ ಸೀಳು ಸೀಳಾಗಿ ತೇಲುತ್ತಿತ್ತು. ಬೇಲಿಯ ಮಗ್ಗುಲಲ್ಲಿ ಗೋಣಿ ಬಿಚ್ಚಿ ನೋಡಿದ್ದಳು. ಪಾತ್ರೆ ಪಕ್ಕದಲ್ಲಿಟ್ಟು ಎದುರಿಗೇ ಕೂತಳು, ನಾನು ಮುಗಿಸುವ ತನಕ ಎದ್ದು ಹೋಗಲಿಲ್ಲ. ಇನ್ನೊಂದು ಸೌಟು ಹಾಕಿದಳು. ನಾನು ಅದನ್ನೂ ತಿಂದೆ. ರುಚಿಯಾಗಿತ್ತು.

ಗೋದಾಮು ಕುಳುವಿನ ಕೈಗೆ ಬಂತು, ಮಂಗಳಳ ಕೈಗೆ ಬರಲಿಲ್ಲ. ಬೇರೊಬ್ಬಳನ್ನು ತರಬೇತಿಗೆ ಕಳಿಸಿದರು. ಅವಳು ಎರಡೂ ಕಡೆ ಕಿಟಕಿ ಇಟ್ಟು, ಹೊತ್ತು ಹೊತ್ತಿಗೆ ತೆಗೆದು, ಚೆನ್ನಾಗಿಯೇ ಬೆಳೆಸುತ್ತಿದ್ದಾಳೆ. ಹೆಂಗಸರು ಮಂಗಳಳ ಜೊತೆ ಮಾತು ಬಿಟ್ಟಿಲ್ಲ, ಹಪ್ಪಳಕ್ಕೆ ಕರೆಯುತ್ತಾರೆ, ಮದುವೆಗೆ ಕರೆಯುತ್ತಾರೆ. ಅಣಬೆಯ ಗೋದಾಮಿಗೆ ಕರೆಯುವುದಿಲ್ಲ. ಅವಳ ಕಾಲು ಆಗಿಬರುವುದಿಲ್ಲ ಅಂತ ಒಂದು ಮಾತು ಬೀದಿಯಲ್ಲಿ ನಿಂತುಬಿಟ್ಟಿದೆ. ಅಷ್ಟೇ ಆಗಿದ್ದರೆ ಅದು ನಮ್ಮ ಮನೆಯೊಳಗಿನ ಪಾಪ. ಆದರೆ ಗೋದಾಮಿನ ಬಾಗಿಲಲ್ಲಿ ಈಗ ಒಂದು ನಿಯಮ ಇದೆ: ಆ ಐದು ದಿನ ಯಾರೂ ಒಳಗೆ ಬರಬಾರದು. ಪ್ರತಿ ತಿಂಗಳೂ ಒಬ್ಬೊಬ್ಬ ಹೆಂಗಸು ತನ್ನ ಸರದಿಗೆ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಅವತ್ತು ಪ್ರಶ್ನೆ ಕೇಳಿದ ಶಾಂತಿಯೂ ಕೂರುತ್ತಾಳೆ. ಯಾಕೆ ಅಂತ ಹೊಸಬರು ಕೇಳಿದರೆ, ನಮ್ಮ ಮಂಗಳ ಅಕ್ಕನ ಮನೆಯಲ್ಲಿ ಏನಾಯಿತು ಗೊತ್ತಾ ಅಂತ ನನ್ನ ಮಾತನ್ನೇ ಹೇಳುತ್ತಾರಂತೆ. ನಾನು ನೇಯ್ದ ಸೀರೆಗಳೆಲ್ಲ ಹರಿದು ಹೋಗಿರಬಹುದು, ಇದು ಮಾತ್ರ ಗಟ್ಟಿ ನಿಂತಿದೆ.

ಹರೂರಿನಿಂದ ಬಂದ ಮೂರನೇ ದಿನ ಬೆಳಗ್ಗೆ, ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಹೇಳಿಬಿಟ್ಟೆ. ಆ ಮೂರು ಚೀಲದ ವಿಷಯ, ಕುಡುಗೋಲು, ಗೋಣಿ, ಎಲ್ಲಾ. ತಪ್ಪಾಯಿತು ಅಂದೆ. ನಮ್ಮ ಕಡೆ ಗಂಡ ಹೆಂಡತಿಗೆ ಆ ಮಾತು ಹೇಳುವುದು ಕಡಿಮೆ. ಅವಳು ನನ್ನ ಅಂಗಿಯ ತೋಳು ಸರಿಮಾಡಿ ಮಡಿಸಿಟ್ಟಳು. ಆಮೇಲೆ ಅಂದಳು, "ನಂಗೊತ್ತಿರೋದ್ನ ನಂಗ್ಯಾಕ್ ಯೋಳ್ತೀರಿ? ಅವತ್ತು ಯಾರ್ ಮುಂದೆ ಯೋಳಿದ್ರೋ ಅವ್ರ್ ಮುಂದೆ ಯೋಳಿ."

ಸರಿಯಾದ ಮಾತು. ಮಾರನೇ ದಿನವೇ ರಾಜೇಶ್ವರಿ ಅಕ್ಕನ ಮನೆಗೆ ಹೋದೆ. ಐದು ಮನೆ ಆಚೆ. ಬಾ ಅಣ್ಣ ಕೂತ್ಕೋ ಅಂತ ಮೋರು, ಅಂದರೆ ಮಜ್ಜಿಗೆ, ಕೊಟ್ಟರು. ಕುಡಿದೆ. ರೇಷನ್ ಕಾರ್ಡಿನ ಮಾತಾಡಿದೆ, ಬಿಸಿಲಿನ ಮಾತಾಡಿದೆ, ಎದ್ದು ಬಂದೆ. ಮತ್ತೆರಡು ಸಲ ಹೋಗಿದ್ದೇನೆ. ಅವರ ಮನೆಯ ಮೋರು ಚೆನ್ನಾಗಿರುತ್ತದೆ. ಮಂಗಳ ಏನಾಯಿತು ಅಂತ ಒಂದು ಸಲವೂ ಕೇಳಿಲ್ಲ.

ಬಾಯಲ್ಲಿ ಬರದಿದ್ದರೆ ಅಕ್ಕನಿಗೆ ಬರೆದಾದರೂ ಕೊಡೋಣ ಅಂತ ಈ ವಾರ ಕೂತೆ. ಒಂದೂ ಬಿಡದೆ ಬರೆದಿದ್ದೇನೆ. ಚಿಕ್ಕಂದಿನಲ್ಲಿ ಏಳನೇ ಕ್ಲಾಸಿನವರೆಗೆ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವನು ನಾನು. ಕೈಗೆ ಬರುವುದು ಈ ಅಕ್ಷರವೇ ಅಂತ ನನಗೆ ನಾನೇ ಹೇಳಿಕೊಂಡೆ. ತಮಿಳೂ ಬರುತ್ತದೆ. ಟವೆಲ್ ಗೋದಾಮಿನಲ್ಲಿ ದಿನಾ ಬರೆಯುವುದು ತಮಿಳೇ. ಈ ಬೀದಿಯಲ್ಲಿ ಮನೆ ಮನೆಯಲ್ಲೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬನಿಗೇ.

ನಿನ್ನೆ ಸಂಜೆ ಮಂಗಳ ಕಾಫಿ ತಂದಿಟ್ಟು, ನಾಲ್ಕು ದಿನದಿಂದ ಏನು ಬರೆಯುತ್ತಿದ್ದೀರಿ ಅಂತ ಕೇಳಿದಳು. ಅದೇ, ಆ ಆಡಿ ತಿಂಗಳದ್ದು, ಎಲ್ಲಾ ಬರೆದಿದ್ದೇನೆ ಅಂದೆ. ಅವಳ ಮುಖದಲ್ಲಿ ಏನೋ ಒಂದು ಬಂತು; ಇಷ್ಟು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ಒಂದು ಹಾಳೆ ನೋಡಿದಳು, ಇನ್ನೊಂದು ಹಾಳೆ ನೋಡಿದಳು. ಆಮೇಲೆ ಜೋಡಿಸಿ, ಅಂಚು ಸರಿಮಾಡಿ, ನನ್ನ ಮುಂದೆಯೇ ಇಟ್ಟಳು.

"ಇದ್ನ ಯಾರು ಓದ್ಬೇಕೂಂತ ಬರ್ದಿದ್ದೀರಿ?" ಅಂದಳು.